ಅವರ ಅಕ್ಷರ ಅವರಿಗೇ ಕಲಿಸಿದ ಅಮ್ಮ

ಸ್ಯಾನ್ ಪೀಡ್ರೊದ ಆ ಮನೆಯಲ್ಲಿ ಬಾಗಿಲು ತೆರೆದ ಕೂಡಲೇ ಸಿಗುತ್ತಿದ್ದುದು ಊಟದ ಮೇಜು. ಸೋಫಾ ಇಡಬೇಕಾದ ಜಾಗದಲ್ಲಿ ಅದನ್ನು ಇಡಿಸಿದ್ದು ಅಮ್ಮ. ಅಡುಗೆಮನೆಯಲ್ಲಿ ಅದು ಹಿಡಿಯುತ್ತಿರಲಿಲ್ಲ. ಬಂದವರಿಗೆ ಮೊದಲು ಊಟದ ಮೇಜು ಕಂಡರೆ ಅದರಲ್ಲಿ ನಾಚಿಕೆ ಎಂತದು ಎನ್ನುವುದು ಅವಳ ವಾದ. ಮೇಜಿನ ಪಕ್ಕದ ಕಿಟಕಿಯಿಂದ ಇಳಿಜಾರಿನ ಕೆಳಗೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಅಪ್ಪ ಅಲ್ಲೇ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದರು. ದೇವರ ಫೋಟೊಗಳು ಮೈಕ್ರೊವೇವ್ ಮೇಲಿನ ಕಪಾಟಿನಲ್ಲಿದ್ದವು. ಬೆಳಿಗ್ಗೆ ಅಮ್ಮ ದೀಪ ಹಚ್ಚಿ ಊದುಬತ್ತಿ ಬೆಳಗಿದರೆ ಹೊಗೆಗೆ ಚಾವಣಿಯ ಅಲಾರಂ ಕೂಗುತ್ತದೆ ಅಂತ ಅಪ್ಪ ಮೊದಲೇ ಹೋಗಿ ಒಲೆಯ ಮೇಲಿನ ಫ್ಯಾನ್ ಹಾಕುತ್ತಿದ್ದರು. ಗಂಟೆಯ ಬದಲು ಆ ಫ್ಯಾನಿನ ಸದ್ದೇ ನನಗೆ ಪೂಜೆಯ ಸದ್ದಾಯಿತು. ಉಡುಪಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಂದ ನನಗೆ ಅಮೆರಿಕ ಎಂದರೆ ಮೊದಲ ವರ್ಷ ಪೂರ್ತಿ ಆ ಮೇಜು, ಆ ಕಿಟಕಿ, ಮತ್ತು ನನ್ನ ಇಂಗ್ಲಿಷ್ ಕೇಳಿ ಮತ್ತೊಮ್ಮೆ ಹೇಳು ಎನ್ನುವ ಟೀಚರು, ಇಷ್ಟೇ.

ಅಮ್ಮನಿಗೆ ಜಪಾನೀ ಭಾಷೆ ಬರುತ್ತಿತ್ತು. ಇದು ನಮ್ಮ ನೆಂಟರಲ್ಲಿ ಅರ್ಧ ಜನ ನಂಬದ ಸಂಗತಿ. ಮದುವೆಯಾದ ಹೊಸತರಲ್ಲಿ ಅಪ್ಪನನ್ನು ಜಪಾನಿನ ಕೋಬೆಯ ಆಫೀಸಿಗೆ ಹಾಕಿದ್ದರು. ನಾನು ಹುಟ್ಟಿದ್ದೂ ಅಲ್ಲಿಯೇ. ಇಡೀ ದಿನ ಒಬ್ಬಳೇ ಇರುತ್ತಿದ್ದ ಅಮ್ಮ, ಹತ್ತಿರದ ಸಭಾಭವನದಲ್ಲಿ ನಿವೃತ್ತ ಮಾಸ್ತರರೊಬ್ಬರು ಪರದೇಶದವರಿಗೆ ಪಾಠ ಹೇಳುತ್ತಾರೆ ಅಂತ ಕೇಳಿ ಹೋದಳು. ಹೋದವಳು ಬಿಡಲಿಲ್ಲ. ಚೀನಾದಿಂದ ಜಪಾನಿಗೆ ಬಂದ ಅಕ್ಷರಗಳಿಗೆ ಅಲ್ಲಿ ಕಾಂಜಿ ಎನ್ನುತ್ತಾರೆ. ಸಾವಿರಗಟ್ಟಲೆ ಕಾಂಜಿಯನ್ನು ಅವಳು ಕಲಿತದ್ದು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಅನ್ನ ಮಾಡುತ್ತಾ. ಒಂದೇ ಅಕ್ಷರಕ್ಕೆ ಎರಡು ಮೂರು ಉಚ್ಚಾರ ಯಾಕೆ ಅಂತ ಅವಳಿಗೆ ಮೊದಲು ತಲೆ ಕೆಟ್ಟಿತಂತೆ. ಆಮೇಲೆ ಒಂದು ದಿನ ನಲ್ಲಿ ತಿರುಗಿಸುವಾಗ ಹೊಳೆಯಿತಂತೆ. ನಾವು ಕುಡಿಯುವಾಗ ನೀರು ಎನ್ನುತ್ತೇವೆ, ಬೀಳುವಾಗ ಜಲಪಾತ ಎನ್ನುತ್ತೇವೆ, ನೀರುಪಾತ ಎನ್ನುವುದಿಲ್ಲ. ಅವರೂ ಹಾಗೆಯೇ, ಮನೆಯ ಮಾತೊಂದು, ದೂರದಿಂದ ಬಂದ ಮಾತೊಂದು, ಎರಡಕ್ಕೂ ಒಂದೇ ಅಕ್ಷರ. ಉಡುಪಿಗೆ ವಾಪಸು ಬಂದ ಮೇಲೆ ಅವಳಿಗೆ ಆ ಭಾಷೆಯಲ್ಲಿ ಮಾತಾಡಲು ಸಿಕ್ಕಿದವಳು ನಾನೊಬ್ಬಳೇ. ಹಾಗಾಗಿ ನನಗೂ ಅಷ್ಟಿಷ್ಟು ಬಂತು.

ಅಪ್ಪನ ಆಫೀಸಿಗೆ ಹೊಂದಿಕೊಂಡಿದ್ದ ಇನ್ನೊಂದು ಆಫೀಸಿನಲ್ಲಿ ತೈವಾನಿನ ಲಿನ್ ಅಂಕಲ್ ಇದ್ದರು. ನಮ್ಮ ಮನೆಯಿಂದ ಎರಡು ರಸ್ತೆ ಮೇಲೆ ಅವರ ಮನೆ. ಅವರ ತಾಯಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ ಅಂತ ತಿಳಿದು ಅಮ್ಮ ಒಂದು ಡಬ್ಬಿಯಲ್ಲಿ ಪಾಯಸ ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲು ತೆಗೆದ ಲಿನ್ ಆಂಟಿ ತುಂಬ ದಣಿದಿದ್ದರು. ಅತ್ತೆಗೆ ಮಾತು ಹೋಗಿದೆ, ಏನೋ ಗುಣುಗುಣು ಎನ್ನುತ್ತಾರೆ, ನಮಗೆ ಯಾರಿಗೂ ತಿಳಿಯುವುದಿಲ್ಲ ಅಂತ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಒಳಗೆ ಬಿಳಿ ಕೂದಲಿನ ಪುಟ್ಟ ಅಜ್ಜಿ ಒರಗು ಕುರ್ಚಿಯಲ್ಲಿ ಕೂತಿದ್ದರು. ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಇನ್ನೊಂದು ಕೈಯ ಬೆರಳಿನಿಂದ ಹೊದಿಕೆಯ ಮೇಲೆ ಏನೋ ಬರೆಯುತ್ತಿದ್ದರು, ಒಂದೇ ಅಕ್ಷರ, ಮತ್ತೆ ಮತ್ತೆ. ಲಿನ್ ಆಂಟಿ ಅದನ್ನು ನೋಡಿ ಅಡುಗೆಮನೆಗೆ ಹೋಗಿ ಒಂದು ಬಟ್ಟಲು ಸೂಪು ತಂದಿಟ್ಟರು. ಅಜ್ಜಿ ಬಟ್ಟಲನ್ನು ಆಚೆ ತಳ್ಳಿದರು.

"ನೋಡಿ, ದಿನಾ ಇದೇ. ಸೂಪು ಬೇಕು ಅಂತ ಬರೆಯುತ್ತಾರೆ. ಕೊಟ್ಟರೆ ತಳ್ಳುತ್ತಾರೆ. ಕೋಳಿಯದ್ದು ಮಾಡಿದೆ, ಮೀನಿನದ್ದು ಮಾಡಿದೆ, ಮೂಳೆಯದ್ದು ಮಾಡಿದೆ. ಇಪ್ಪತ್ತು ವರ್ಷದಿಂದ ನಾನು ಮಾಡಿದ್ದು ಯಾವುದೂ ಇವರಿಗೆ ಸರಿಹೋಗಲಿಲ್ಲ."

ಅಮ್ಮ ಪಾಯಸದ ಡಬ್ಬಿ ನನ್ನ ಕೈಗೆ ಕೊಟ್ಟು ಅಜ್ಜಿಯ ಹತ್ತಿರ ಮಂಡಿಯೂರಿ ಕೂತು ಕಿವಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಷತಾ, ಇವರು ಜಪಾನೀ ಮಾತಾಡುದು ಮಾರಾಯ್ತಿ. ಬಿಸಿನೀರು ಕೇಳ್ತಾ ಇದ್ದಾರೆ."

ಆ ಅಕ್ಷರ ಚೀನೀ ಭಾಷೆಯಲ್ಲಿ ಸೂಪು. ಜಪಾನಿನಲ್ಲಿ ಅದೇ ಅಕ್ಷರ ಬಿಸಿನೀರು. ಅಮ್ಮನೇ ಹೋಗಿ ನೀರು ಕಾಯಿಸಿ, ಹದ ನೋಡಿ, ಲೋಟದಲ್ಲಿ ತಂದು ಕೊಟ್ಟಳು. ಅಜ್ಜಿ ಪೂರ್ತಿ ಕುಡಿದು ಬಹಳ ಉಪಕಾರವಾಯಿತು ಅಂತ ಜಪಾನೀಯಲ್ಲಿ ಹೇಳಿ ತಲೆ ಬಾಗಿಸಿದರು. ಲಿನ್ ಆಂಟಿ ಗೋಡೆಗೆ ಒರಗಿ ನಿಂತುಬಿಟ್ಟರು. ಅಜ್ಜಿ ಹುಡುಗಿಯಾಗಿದ್ದಾಗ ತೈವಾನ್ ಜಪಾನಿನವರ ಕೈಯಲ್ಲಿತ್ತು, ಅವರು ಕಲಿತ ಶಾಲೆ ಜಪಾನೀ ಶಾಲೆ. ಆಮೇಲೆ ಕಲಿತ ಭಾಷೆ, ಮನೆಯಲ್ಲಿ ಆಡುತ್ತಿದ್ದ ಭಾಷೆ, ಎರಡನ್ನೂ ಕಾಯಿಲೆ ಕೊಂಡೊಯ್ದು ಶಾಲೆಯ ಹುಡುಗಿಯ ಭಾಷೆಯನ್ನು ಮಾತ್ರ ಬಿಟ್ಟಿತ್ತು. ಮಗನಿಗೆ ಅದು ಬಾರದು, ಸೊಸೆಗೂ ಬಾರದು. ಮಗ ಬಂದರಿಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಇಡೀ ದಿನ ಒಂದು ಮನೆಯಲ್ಲಿ.

"ನನಗೆ ಕಲಿಸುತ್ತೀರಾ?" ಅಂತ ಲಿನ್ ಆಂಟಿ ಕೇಳಿದ್ದು ಆ ದಿನವೇ.

ಹಾಗೆ ಶನಿವಾರದ ಪಾಠ ಶುರುವಾಯಿತು. ಅಜ್ಜಿಯನ್ನು ಒಬ್ಬರೇ ಬಿಡುವ ಹಾಗಿರಲಿಲ್ಲವಾದ್ದರಿಂದ ಅವರೂ ಬರುತ್ತಿದ್ದರು. ಅವರ ಭಾಷೆಯಲ್ಲಿ ಅಜ್ಜಿಗೆ ಅಮಾ ಎನ್ನುತ್ತಾರಂತೆ. ಅವರು ಅಮಾ ಎಂದಾಗೆಲ್ಲ ನಾನು ಅಮ್ಮನನ್ನು ನೋಡುತ್ತಿದ್ದೆ. ಆ ಗೊಂದಲ ಬೇಡ ಅಂತ ನಾವು ಅಜ್ಜಿ ಎಂದೇ ಕರೆದೆವು. ಅಮ್ಮನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಹಾಗಾಗಿ ಫೀಸಿನ ಮಾತೇ ಬರಲಿಲ್ಲ. ಲಿನ್ ಆಂಟಿ ಕಿತ್ತಳೆ ತರುತ್ತಿದ್ದರು. ಪಾಠ ಮುಗಿದ ಮೇಲೆ ನಮ್ಮಲ್ಲಿಯೇ ಊಟ. ಅಜ್ಜಿಗೆ ಕುಚ್ಚಲಕ್ಕಿ ಗಂಜಿ ಬಹಳ ಹಿಡಿಸಿತು. ಅದರ ಜೊತೆ ಅಮ್ಮ ಒಮ್ಮೆ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿದಾಗ ಕಣ್ಣು ಮುಚ್ಚಿ ಚೀಪಿ, ಶಾಲೆಗೆ ಬುತ್ತಿ ಒಯ್ಯುತ್ತಿದ್ದಾಗ ಅನ್ನದ ನಡುವೆ ತಾಯಿ ಇಡುತ್ತಿದ್ದ ಹುಳಿಯ ಹಣ್ಣಿನ ಕಥೆ ಹೇಳಿದರು. ಅಪ್ಪನಿಗೆ ಕಾಂಜಿ ಕ್ಲಾಸ್ ಅನ್ನುವುದು ಕೊನೆಗೂ ನಾಲಿಗೆಗೆ ಹತ್ತಲಿಲ್ಲ, ಗಂಜಿ ಕ್ಲಾಸ್ ಎಂದೇ ಹೇಳುತ್ತಿದ್ದರು.

"ಶನಿವಾರ ಒಂದು ದಿನ ರಜೆ. ಆ ದಿನ ಮನೆಯಲ್ಲಿ ಕೂತು ಚಾ ಕುಡಿಲಿಕ್ಕೆ ಒಂದು ಕುರ್ಚಿ ಖಾಲಿ ಇಲ್ಲ. ನಾನೆಂತ ಕಾರಲ್ಲಿ ಕೂತ್ಕೊಳ್ಬೇಕಾ?"

"ನೀವೂ ಬಂದು ಕಲಿರಿ. ಕುರ್ಚಿ ಕೊಡ್ತೇನೆ," ಅನ್ನುತ್ತಿದ್ದಳು ಅಮ್ಮ. ಅಪ್ಪ ಚಾ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು.

ಸ್ವಲ್ಪ ಸಮಯದಲ್ಲೇ ಚೆನ್ ಎನ್ನುವ ಹುಡುಗನೂ ಸೇರಿಕೊಂಡ. ಚೀನಾದಿಂದ ಬಂದವನು, ನಮ್ಮ ರಸ್ತೆಯಲ್ಲೇ ಅಕ್ಕನ ಮನೆಯಲ್ಲಿದ್ದುಕೊಂಡು ಬರ್ಬ್ಯಾಂಕಿನ ಒಂದು ಕಾರ್ಟೂನ್ ಸ್ಟುಡಿಯೊಗೆ ದಿನಾ ಡ್ರೈವ್ ಮಾಡುತ್ತಿದ್ದ. ಜಪಾನಿಗೆ ಹೋಗಿ ಚಿತ್ರ ಬರೆಯಬೇಕು ಅನ್ನುವುದು ಅವನ ಆಸೆ. ಮೊದಲ ದಿನ ಒಳಗೆ ಬಂದು ಅಮ್ಮನನ್ನು ನೋಡಿ, ಟೀಚರ್ ಎಲ್ಲಿ ಅಂತ ಕೇಳಿದ. ಅಮ್ಮ ನಾನೇ ಎಂದಳು. ಅವನು ಲಿನ್ ಆಂಟಿಯ ಮುಖ ನೋಡಿದ. ಸೀರೆ ಉಟ್ಟ ಹೆಂಗಸು ತನಗೆ ತನ್ನ ಅಕ್ಷರ ಕಲಿಸುವುದು ಅವನಿಗೆ ನಂಬಲಾಗಲಿಲ್ಲ. ಅಮ್ಮ ಬರೆದ ಅಕ್ಷರಗಳಲ್ಲಿ ತಪ್ಪು ಹುಡುಕಿದ. ಮೂಳೆ ಎನ್ನುವ ಅಕ್ಷರದ ಒಳಗಿನ ಚಿಕ್ಕ ಚೌಕ ಅವನ ಊರಲ್ಲಿ ಎಡಕ್ಕೆ, ಅಮ್ಮ ಬರೆದದ್ದು ಬಲಕ್ಕೆ. ಉಸಿರು ಎನ್ನುವ ಅಕ್ಷರದ ಹೊಟ್ಟೆಯಲ್ಲಿ ತೈವಾನಿನವರು ಅಕ್ಕಿಯ ಗುರುತು ಇಡುತ್ತಾರೆ, ಜಪಾನಿನವರು ಅದನ್ನು ತೆಗೆದು ಒಂದು ಕತ್ತರಿ ಗೆರೆ ಹಾಕಿದ್ದಾರೆ, ಚೆನ್ ಕಲಿತದ್ದರಲ್ಲಿ ಹೊಟ್ಟೆ ಪೂರ್ತಿ ಖಾಲಿ. ಇದರ ಮೇಲೆ ಅವನೂ ಲಿನ್ ಆಂಟಿಯೂ ಅರ್ಧ ಗಂಟೆ ಜಗಳವಾಡಿದರು. ಅಕ್ಕಿ ತೆಗೆದು ಉಸಿರಾಡುವುದು ಹೇಗೆ ಅಂತ ಲಿನ್ ಆಂಟಿ. ಬರೆಯುವ ಕೈಗೆ ನೋವು ಕಡಿಮೆ ಅಂತ ಚೆನ್. ಅಮ್ಮ ಇಬ್ಬರಿಗೂ ಚಾ ಕೊಟ್ಟು, ಮುಗಿಯಿತಾ ಅಂತ ಕೇಳಿದಳು.

ಆಮೇಲೆ ಒಂದು ಜಪಾನೀ ಪತ್ರಿಕೆಯ ತುಂಡನ್ನು ಚೆನ್ ಮುಂದಿಟ್ಟಳು. ಅವನು ಒಂದು ನೋಟದಲ್ಲಿ ಅರ್ಥ ಹೇಳಿದ, ಹೆಚ್ಚುಕಡಿಮೆ ಸರಿಯಾಗಿಯೇ. ಈಗ ಇದನ್ನು ಗಟ್ಟಿಯಾಗಿ ಓದು ಎಂದಳು. ಅವನಿಗೆ ಒಂದು ಶಬ್ದವೂ ಬರಲಿಲ್ಲ. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿಯ ಕೈಗೆ ಅಮ್ಮ ಅದೇ ತುಂಡನ್ನು ಕೊಟ್ಟಳು. ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯಲ್ಲಿ ಎದ್ದು ನಿಂತು ಓದುವ ಹುಡುಗಿಯ ಹಾಗೆ ಕೊನೆಯವರೆಗೆ ಓದಿದರು. ಚೆನ್ ಮತ್ತೆ ಟೀಚರ್ ಎಲ್ಲಿ ಅಂತ ಕೇಳಲಿಲ್ಲ.

ಅಮ್ಮ ಪಾಠ ಮಾಡುವ ಕ್ರಮ ವಿಚಿತ್ರವಾಗಿತ್ತು. ಕಾಂಜಿ ಕಲಿಸುವಾಗ ಕಾಂಜಿ ನೋಡಲು ಬಿಡುತ್ತಿರಲಿಲ್ಲ. ಬೇರೆಯವರಿಗೆ ಈ ಅಕ್ಷರ ಬೆಟ್ಟ ಹತ್ತಿದ ಹಾಗೆ, ಇವರಿಗೆ ಅದು ಹುಟ್ಟಿನಿಂದ ಗೊತ್ತು, ಅದೇ ಇವರ ಕಷ್ಟ ಎನ್ನುತ್ತಿದ್ದಳು. ಅಕ್ಷರ ಕಂಡ ಕೂಡಲೇ ಇವರ ಕಣ್ಣು ಅರ್ಥ ಹಿಡಿದುಕೊಂಡು ಓಡಿಬಿಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಹಾಗಾಗಿ ಹಾಳೆಗಳನ್ನೆಲ್ಲ ಬೋರಲು ಹಾಕಿ, ಕಣ್ಣು ಮುಚ್ಚಿ ಅಂತ ಹೇಳಿ, ತಾನು ವಾಕ್ಯ ಹೇಳುತ್ತಿದ್ದಳು. ಅವರು ತಿರುಗಿ ಹೇಳಬೇಕು. ಅರ್ಥ ಆದ ಮೇಲೆ ಹಾಳೆ ತಿರುಗಿಸುವುದು. ಆಗ ಇಬ್ಬರೂ ಬೆಚ್ಚುತ್ತಿದ್ದರು. ಕೈ ಮತ್ತು ಕಾಗದ, ಎರಡು ಅಕ್ಷರ ಸೇರಿದರೆ ಜಪಾನಿನಲ್ಲಿ ಪತ್ರ, ಚೀನಾದಲ್ಲಿ ಪಾಯಿಖಾನೆಯ ಕಾಗದ. ನಮ್ಮಲ್ಲೂ ಕಾಗದ ಬಂತು ಎಂದರೆ ಪತ್ರ ಬಂತು ಎಂದೇ ಅಲ್ಲವೇ ಅಂತ ನನಗೆ ಅನ್ನಿಸಿತ್ತು. ಪರವಾಗಿಲ್ಲವೇ ಅಂತ ಜಪಾನೀಯಲ್ಲಿ ಕೇಳುವ ಮಾತು ಚೆನ್ ಕಣ್ಣಿಗೆ ನೀನು ಗಂಡಸೇನೋ ಅಂತ ಕಂಡು ಅವನು ನಕ್ಕು ನಕ್ಕು ಕೆಮ್ಮಿದ.

"ಅಕ್ಷರ ನೋಡಿ ನಂಬಬೇಡಿ," ಅಮ್ಮ ಪ್ರತಿ ಪಾಠದಲ್ಲೂ ಹೇಳುತ್ತಿದ್ದಳು. "ಕೇಳಿ. ಕೇಳಿ ಆದ ಮೇಲೆ ನೋಡಿ."

ನಾನು ಮೇಜಿನ ಇನ್ನೊಂದು ತುದಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದೆ. ಮಾಡುತ್ತಿದ್ದುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು. ಪಾಠದ ನಡುವೆ ಅಜ್ಜಿ ಏನಾದರೂ ಹೇಳಿದರೆ ಅಮ್ಮ ಅದನ್ನು ಇಂಗ್ಲಿಷಿನಲ್ಲಿ ಲಿನ್ ಆಂಟಿಗೆ ಹೇಳುವುದು ರೂಢಿಯಾಗಿತ್ತು. ಅಜ್ಜಿಯ ಜಪಾನೀ ಬಹಳ ಹಳೆಯದು, ಬಹಳ ಮರ್ಯಾದೆಯದ್ದು, ಆ ಮರ್ಯಾದೆಯ ಮಾತಿನಲ್ಲೇ ಅವರು ಕಟುವಾದದ್ದನ್ನೂ ಹೇಳಿಬಿಡುತ್ತಿದ್ದರು. ಒಂದು ದಿನ ಲಿನ್ ಆಂಟಿಯನ್ನು ತೋರಿಸಿ ಅಮ್ಮನ ಹತ್ತಿರ, ಈ ಹೆಂಗಸಿಗೆ ಅನ್ನ ಬೇಯಿಸಲು ಬರುವುದಿಲ್ಲ, ಇವಳನ್ನು ಯಾರು ಗೊತ್ತುಮಾಡಿದರೋ, ನನ್ನ ಮಗನ ಹೆಂಡತಿ ಒಂದು ದಿನವೂ ನೋಡಲು ಬರಲಿಲ್ಲ ಎಂದರು.

"ಏನಂತೆ?" ಲಿನ್ ಆಂಟಿ ಕೇಳಿದರು.

"ಅನ್ನ ಸ್ವಲ್ಪ ಮೆತ್ತಗಿದ್ದರೆ ಒಳ್ಳೆಯದಂತೆ," ಎಂದಳು ಅಮ್ಮ.

ಅವರು ಹೋದ ಮೇಲೆ ನಾನು ಬಟ್ಟಲು ಒರೆಸುತ್ತಾ ಕೇಳಿದೆ.

"ಅಮ್ಮಾ, ಅಜ್ಜಿ ಹಾಗೆ ಹೇಳ್ಲಿಲ್ಲ ಅಲ್ವಾ?"

"ಅಜ್ಜಿಗೆ ಹುಷಾರಿಲ್ಲ. ನೆನಪು ಹಿಂದೆ ಮುಂದೆ ಆಗ್ತದೆ. ಅದನ್ನೆಲ್ಲ ಇವಳಿಗೆ ಹೇಳಿ ಎಂತ ಆಗ್ಲಿಕ್ಕುಂಟು? ಬೆಳಿಗ್ಗೆಯಿಂದ ಅವರ ಸೇವೆ ಮಾಡುವವಳು ಇವಳೇ. ನೀನು ಸುಮ್ಮನಿರು."

ನಾನು ಯಾರಿಗೂ ಹೇಳಲಿಲ್ಲ. ಆದರೆ ಆ ದಿನದಿಂದ ಅಮ್ಮನ ಬಾಯಿ ದಾಟುವಾಗ ಮಾತು ಹೇಗೆ ಬದಲಾಗುತ್ತದೆ ಅಂತ ನೋಡುವುದೇ ನನ್ನ ಶನಿವಾರದ ಕೆಲಸವಾಯಿತು. ಬೈಗುಳ ಸಲಹೆಯಾಗುತ್ತಿತ್ತು, ದೂರು ಬೇಡಿಕೆಯಾಗುತ್ತಿತ್ತು. ಲಿನ್ ಆಂಟಿಯ ಮುಖ ತಿಂಗಳಿಂದ ತಿಂಗಳಿಗೆ ತಿಳಿಯಾಗುತ್ತಾ ಬಂತು. ಮದುವೆಯಾದಾಗಿನಿಂದ ಅತ್ತೆ ತನ್ನನ್ನು ಸೇರಿಸಿರಲಿಲ್ಲ, ತನ್ನ ತಂದೆ ತೈವಾನಿನ ಮೂಲದವರಲ್ಲ, ಆಮೇಲೆ ಚೀನಾದ ಕಡೆಯಿಂದ ಬಂದವರು ಅನ್ನುವುದೇ ಕಾರಣ, ಅತ್ತೆ ಊಟಕ್ಕೆ ಕೂತರೆ ತಾನು ನಿಂತು ಬಡಿಸಬೇಕಿತ್ತು, ಈಗ ಕಾಯಿಲೆ ಅವರನ್ನು ಮೆತ್ತಗೆ ಮಾಡಿದೆ ಅಂತ ಒಮ್ಮೆ ಅಮ್ಮನಿಗೆ ಹೇಳಿದರು. ಅಮ್ಮ ಹೂಂಗುಟ್ಟಿದಳು.

ಒಂದು ಶನಿವಾರ ಲಿನ್ ಆಂಟಿ ಒಂದು ಶಬ್ದ ತಂದರು. ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ನನ್ನನ್ನು ಜೋಚೂ ಜೋಚೂ ಅಂತ ಕರೆಯುತ್ತಾರೆ, ಹಾಗೆಂದರೆ ಏನು ಅಂತ ಕೇಳಿದರು. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಅಮ್ಮ ಎದ್ದು ಹೋಗಿ ಒಲೆ ನೋಡಿ ಬಂದಳು. ಆಮೇಲೆ ತಾನೇ ಹಾಕಿದ ನಿಯಮವನ್ನು ಮುರಿದು, ಹಾಳೆಯ ಮೇಲೆ ಎರಡು ಅಕ್ಷರ ಬರೆದು ತೋರಿಸಿದಳು. ಒಂದು ಹೆಣ್ಣು. ಇನ್ನೊಂದು ಒಳಗೆ, ನಡುವೆ ಎನ್ನುವ ಅರ್ಥದ್ದು.

"ಮನೆಯ ಒಳಗಿನ ಹೆಣ್ಣು," ಎಂದಳು ಅಮ್ಮ.

ಲಿನ್ ಆಂಟಿ ಆ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಹುಟ್ಟಿನಿಂದ ಗೊತ್ತಿದ್ದ ಅಕ್ಷರಗಳು, ಅನುಮಾನ ಪಡಲು ಕಾರಣವೇ ಇರಲಿಲ್ಲ. ಅದರ ಕೆಳಗೆ ತಾವೂ ಒಮ್ಮೆ ಬರೆದರು.

ಆ ಶನಿವಾರ ಚೆನ್ ಬಂದಿರಲಿಲ್ಲ. ಮುಂದಿನ ವಾರ ಬಂದ. ಅಮ್ಮ ಎಲ್ಲರಿಗೂ ತಮ್ಮ ಪರಿಚಯ ಹೇಳುವ ಪಾಠ ಕೊಟ್ಟಿದ್ದಳು. ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಾ ಅಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಲಿನ್ ಆಂಟಿ ಎದ್ದು ನಿಂತು, ಕೈ ಮುಂದೆ ಕಟ್ಟಿಕೊಂಡು, ತಡವರಿಸದೆ ಹೇಳಿದರು. ನನ್ನ ಹೆಸರು ಲಿನ್. ನಾನು ತೈವಾನಿನಿಂದ ಬಂದವಳು. ನಾನು ಲಿನ್ ಮನೆಯ ಜೋಚೂ. ಚೆನ್ ತನ್ನ ಪುಟ್ಟ ಎಲೆಕ್ಟ್ರಾನಿಕ್ ಡಿಕ್ಷನರಿಯಲ್ಲಿ ಆ ಶಬ್ದ ಒತ್ತಿ ನೋಡಿದ. ಕೆಟ್ಟ ಮನಸ್ಸಿನಿಂದಲ್ಲ, ಅವನಿಗೆ ಹೊಸ ಶಬ್ದ ಕೇಳಿದರೆ ಒತ್ತಿ ನೋಡುವ ಚಾಳಿ.

"ನೀವು ಯಾಕೆ ಮನೆಗೆಲಸದವಳು ಅಂತ ಹೇಳುತ್ತಿದ್ದೀರಿ?" ಎಂದು ಇಂಗ್ಲಿಷಿನಲ್ಲೇ ಕೇಳಿದ.

ಲಿನ್ ಆಂಟಿ ಅವನ ಕೈಯಿಂದ ಡಿಕ್ಷನರಿ ತೆಗೆದುಕೊಂಡು ಓದಿದರು. ಅದರಲ್ಲಿ ಚೀನೀ ಭಾಷೆಯ ಅರ್ಥವೂ ಇತ್ತು. ಮತ್ತೊಮ್ಮೆ ಓದಿದರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮನನ್ನು ನೋಡಿದರು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಅಮ್ಮ.

"ಉಳಿದದ್ದೆಲ್ಲ? ಇಷ್ಟು ದಿನ ಅವರು ಹೇಳಿದ್ದು?"

ಲಿನ್ ಆಂಟಿ ಅಜ್ಜಿಗೆ ಕೋಟು ತೊಡಿಸಿ, ಗುಂಡಿ ಹಾಕಿ, ನಿಧಾನವಾಗಿ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಅಂಥ ಸಿಟ್ಟಿನಲ್ಲೂ ಅವರು ಅಜ್ಜಿಯನ್ನು ಅವಸರ ಮಾಡಲಿಲ್ಲ, ಬಾಗಿಲ ಮೆಟ್ಟಿಲಲ್ಲಿ ಕಾಲಿಡುವವರೆಗೆ ಕಾದರು. ಕಾವಲಿಯ ಮೇಲಿನ ದೋಸೆ ಕರಟಿ ಅಲಾರಂ ಕೂಗಿತು. ಚೆನ್ ಕುರ್ಚಿಯ ಮೇಲೆ ಹತ್ತಿ ಅದನ್ನು ನಿಲ್ಲಿಸಿ, ಜಪಾನಿನಲ್ಲಿ ಟೀಚರಿಗೆ ಹೇಳುವ ಹಾಗೆ, ಸಾರಿ ಸೆನ್ಸೇ ಅಂತ ಹೇಳಿ ಅವನೂ ಹೋದ.

ಅಪ್ಪನಿಗೆ ವಿಷಯ ತಿಳಿದದ್ದು ಸೋಮವಾರ. ಲಿನ್ ಅಂಕಲ್ ಆಫೀಸಿನಲ್ಲಿ ಎದುರು ಸಿಕ್ಕಿದರೂ ಮಾತಾಡಲಿಲ್ಲವಂತೆ, ಯಾಕೆ ಅಂತ ಅಪ್ಪ ಸಂಜೆ ಬಂದು ಕೇಳಿದಾಗ ಅಮ್ಮ ನಡೆದದ್ದನ್ನು ಹೇಳಿದಳು.

"ಅದಕ್ಕೇ ಹೇಳುದು, ಬೇರೆಯವರ ಮನೆಯ ಅತ್ತೆ ಸೊಸೆಯ ನಡುವೆ ನಿಂಗೆಂತ ಕೆಲಸ? ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದ್ದು ಯಾಕೆ?"

"ನಾನೆಂತ ಹೇಳ್ಬೇಕಿತ್ತು? ನಿನ್ನತ್ತೆ ನಿನ್ನನ್ನು ಕೆಲಸದವಳು ಅಂತ ಕರೀತಾರೆ, ಇನ್ನೂ ಚಂದ ಮಾಡಿ ನೋಡ್ಕೊ, ಅಂತ ಹೇಳ್ಬೇಕಿತ್ತಾ?"

"ಹೌದು, ಹಾಗೇ ಹೇಳ್ಬೇಕಿತ್ತು. ಅವಳಿಗೆ ಬಂದದ್ದು ಅವಳೇ ಕೇಳ್ಬೇಕು. ಅದನ್ನು ತಡೀಲಿಕ್ಕೆ ನೀನ್ಯಾರು?"

ಅಪ್ಪ ಅಮ್ಮ ಜಗಳವಾಡುವುದು ಅಪರೂಪವಲ್ಲ. ಆದರೆ ಅಮ್ಮ ಜಗಳವನ್ನು ಅರ್ಧಕ್ಕೆ ಬಿಟ್ಟು ಪಾತ್ರೆ ತೊಳೆಯಲು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಶನಿವಾರ ಮೇಜು ಖಾಲಿ ಇತ್ತು. ಅಪ್ಪನಿಗೆ ಕೂರಲು ಬೇಕಾದಷ್ಟು ಕುರ್ಚಿಗಳಿದ್ದವು, ಆದರೂ ಅವರು ಅಭ್ಯಾಸಬಲದಿಂದ ಚಾ ಹಿಡಿದು ಹಿತ್ತಲಿಗೇ ಹೋದರು. ಅದರ ಮುಂದಿನ ಶನಿವಾರವೂ ಯಾರೂ ಬರಲಿಲ್ಲ. ಅಮ್ಮ ಗಂಜಿ ಮಾಡಿ, ಡಬ್ಬಿಗೆ ಹಾಕಿ, ಬಾ ಅಂತ ನನ್ನನ್ನು ಕರೆದಳು.

ಬಾಗಿಲು ತೆಗೆದ ಲಿನ್ ಆಂಟಿಯ ಮುಂದೆ ಅಮ್ಮ ಸೊಂಟ ಬಾಗಿಸಿ, ಜಪಾನೀಯಲ್ಲಿ ಕ್ಷಮೆ ಕೇಳಿದಳು. ಇಂಗ್ಲಿಷಿನ ಸಾರಿ ಬಹಳ ಸಣ್ಣದಾಯಿತು ಅಂತ ಅವಳಿಗೆ ಅನ್ನಿಸಿತ್ತಂತೆ. ಆ ಮಾತು ಲಿನ್ ಆಂಟಿಗೆ ಪೂರ್ತಿ ಅರ್ಥವಾಯಿತು, ಅದನ್ನು ಕಲಿಸಿದವಳು ಅಮ್ಮನೇ ಅಲ್ಲವೇ. ಅವರು ಡಬ್ಬಿ ತೆಗೆದುಕೊಂಡರು, ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ನಾವು ಅವರ ಹಿಂದೆಯೇ ಒಳಗೆ ಹೋದೆವು. ಅಜ್ಜಿ ಅದೇ ಒರಗು ಕುರ್ಚಿಯಲ್ಲಿದ್ದರು. ಅಮ್ಮನನ್ನು ಕಂಡು ಅವರಿಗೆ ಸಂತೋಷವಾಯಿತು, ಮಾತು ಶುರುಮಾಡಿದರು.

"ಈಗ ಹೇಳಿ," ಎಂದರು ಲಿನ್ ಆಂಟಿ. "ಅವರು ಹೇಳಿದ್ದಷ್ಟನ್ನೂ. ಒಂದು ಶಬ್ದ ತಿದ್ದಬೇಡಿ."

ಅಮ್ಮ ಹೇಳಿದಳು. ಈ ಕೆಲಸದವಳು ನನ್ನ ಬಾಚಣಿಗೆ ಎಲ್ಲೋ ಇಟ್ಟಿದ್ದಾಳೆ. ಇವಳ ಕೈ ಒರಟು. ಮೀಯಿಸುವಾಗ ನೀರು ಕಣ್ಣಿಗೆ ಹೋಗುತ್ತದೆ. ನನ್ನ ಮಗ ಇಷ್ಟು ಓದಿದವನು, ಅವನ ಹೆಂಡತಿ ದೊಡ್ಡ ಮನೆಯವಳಿರಬೇಕು, ಅವಳು ನನ್ನನ್ನು ನೋಡಲು ಯಾಕೆ ಬರುವುದಿಲ್ಲ? ನಾನೇನು ತಪ್ಪು ಮಾಡಿದೆ? ಅಮ್ಮ ಏನನ್ನೂ ಬಿಡದೆ ಪೂರ್ತಿ ಹೇಳಿದಳು. ಲಿನ್ ಆಂಟಿ ಕೇಳಿಸಿಕೊಂಡರು. ಕೊನೆಯ ಪ್ರಶ್ನೆ ಕೇಳಿದ ಮೇಲೆ ಅಜ್ಜಿಯ ಮುಂದೆ ಹೋಗಿ ನಿಂತರು. ಜಪಾನೀಯಲ್ಲಿ, ಒಂದೊಂದೇ ಶಬ್ದ ಹುಡುಕುತ್ತಾ ಹೇಳಿದರು.

"ನಾನು ಕೆಲಸದವಳಲ್ಲ. ನಿಮ್ಮ ಮಗನ ಹೆಂಡತಿ. ನಾನು ದಿನಾ ಬಂದಿದ್ದೇನೆ."

ಅಜ್ಜಿ ತಲೆಯೆತ್ತಿ ಅವರನ್ನು ನೋಡಿದರು. ಹೊಸಬರು ಮನೆಗೆ ಬಂದರೆ ನೋಡುವ ಹಾಗೆ, ಮುಖ, ಬಟ್ಟೆ, ಕೈ, ಎಲ್ಲವನ್ನೂ. ಕಾಯಿಲೆ ಬಂದ ಮೇಲೆ ಸೊಸೆ ನೇರ ತನ್ನೊಡನೆಯೇ ತನಗೆ ತಿಳಿಯುವ ಮಾತಾಡಿದ್ದು ಅವರ ಪಾಲಿಗೆ ಅದೇ ಮೊದಲಿರಬೇಕು.

"ಹೌದೇ? ಹಾಗಾದರೆ ಯಾಕೆ ನಿಂತಿದ್ದೀ? ಕೂತುಕೋ."

ಅಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದಳು. ಲಿನ್ ಆಂಟಿ ಕೈ ಎತ್ತಿ ಬೇಡ ಎಂದರು. ಅಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ಅವರು ಅಜ್ಜಿಯ ಪಕ್ಕದಲ್ಲಿ, ಅಜ್ಜಿ ಕಾಲು ಚಾಚುತ್ತಿದ್ದ ಸ್ಟೂಲಿನ ಮೇಲೆ ಕೂತರು. ನಾವು ಸದ್ದು ಮಾಡದೆ ಹೊರಗೆ ಬಂದೆವು.

ಅಜ್ಜಿ ಮಾರನೇ ದಿನ ಅದನ್ನೆಲ್ಲ ಮರೆತಿದ್ದರು. ಬೆಳಿಗ್ಗೆ ಎದ್ದು ಮತ್ತೆ ಜೋಚೂ ಅಂತ ಕರೆದರಂತೆ. ಲಿನ್ ಆಂಟಿ ಮತ್ತೆ ಹೋಗಿ ನಿಂತು, ನಾನು ಕೆಲಸದವಳಲ್ಲ, ನಿಮ್ಮ ಮಗನ ಹೆಂಡತಿ ಎಂದರಂತೆ. ಹೌದೇ, ಹಾಗಾದರೆ ಕೂತುಕೋ ಅಂತ ಉತ್ತರ ಬಂತಂತೆ. ಅದರ ಮಾರನೇ ದಿನವೂ ಹಾಗೆಯೇ. ಪಾಠ ಮತ್ತೆ ಶುರುವಾದ ಶನಿವಾರ ಲಿನ್ ಆಂಟಿ ಇದನ್ನು ನಮ್ಮ ಮೇಜಿನಲ್ಲಿ ಕೂತು ಹೇಳಿದರು, ಯಾವ ಬೇಸರವೂ ಇಲ್ಲದೆ. ಚೆನ್ ಅದನ್ನು ಕೇಳಿ ತಟ್ಟೆ ನೋಡುತ್ತಾ ಕೂತ. ನಾಳೆ ಬೆಳಿಗ್ಗೆ ಅಜ್ಜಿಗೆ ಸ್ವಲ್ಪ ಬೇಗ ತಿಳಿಯಲಿ ಅಂತ, ನಾನು ನಿಮ್ಮ ಮಗನ ಹೆಂಡತಿ ಅನ್ನುವ ಆ ವಾಕ್ಯದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಧ್ವನಿ ಇಳಿಸಬೇಕು ಅಂತ ಅಮ್ಮ ಮತ್ತೆ ಮತ್ತೆ ಹೇಳಿಸಿದಳು. ಅಲ್ಲಿಂದ ಮುಂದೆ ಅಮ್ಮ ಅಜ್ಜಿಯ ಮಾತನ್ನು ತಿದ್ದಲಿಲ್ಲ. ಬೈದರೆ ಬೈದದ್ದನ್ನೇ ಹೇಳುತ್ತಿದ್ದಳು, ಹೇಳುವ ಮುಂಚೆ ಮಾತ್ರ ಲಿನ್ ಆಂಟಿಯ ಕಡೆ ಒಮ್ಮೆ ನೋಡುತ್ತಿದ್ದಳು. ನಾನು ಈಗ ಸ್ಯಾನ್ ಡಿಯಾಗೊದ ಒಂದು ಆಸ್ಪತ್ರೆಯಲ್ಲಿ ದುಭಾಷಿ. ಕನ್ನಡ, ಜಪಾನೀ, ಎರಡಕ್ಕೂ ನನ್ನನ್ನು ಕರೆಯುತ್ತಾರೆ. ಡಾಕ್ಟರು ಹೇಳಿದ್ದನ್ನು ಇದ್ದ ಹಾಗೆ ಹೇಳಬೇಕು ಅನ್ನುವುದು ಅಲ್ಲಿಯ ಕಾನೂನು. ಟ್ರೇನಿಂಗಿನಲ್ಲಿ ಅದನ್ನು ದೊಡ್ಡದಾಗಿ ಹೇಳಿಕೊಟ್ಟರು. ಹಾಗೆ ಹೇಳುವ ಮುಂಚೆ ಎದುರಿನವರ ಕಡೆ ಒಮ್ಮೆ ನೋಡಬೇಕು ಅನ್ನುವುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಅದು ನನಗೆ ಆ ಮೇಜಿನಲ್ಲಿ ಬಂದದ್ದು.

ಅಪ್ಪನಿಗೆ ಸ್ಯಾನ್ ಡಿಯಾಗೊದಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಯ ಮೀರಾ ಮೆಸಾ ಬಡಾವಣೆಗೆ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿ ಕುಚ್ಚಲಕ್ಕಿ ಸಿಗುವ ಅಂಗಡಿ ಕಾರಿನಲ್ಲಿ ಐದು ನಿಮಿಷ, ಮನೆಗೆ ಸೋಫಾವೂ ಬಂತು. ಚೆನ್ ಅಷ್ಟರಲ್ಲಿ ಜಪಾನಿಗೆ ಹೋಗಿದ್ದ. ಅಜ್ಜಿ ತೀರಿಕೊಂಡ ಸುದ್ದಿಯನ್ನು ಲಿನ್ ಅಂಕಲ್ ಫೋನ್ ಮಾಡಿ ಅಪ್ಪನಿಗೆ ತಿಳಿಸಿದರು, ಅಪ್ಪ ಅಮ್ಮ ಹೋಗಿ ಬಂದರು. ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ, ಯಾರೂ ಕರೆಯದೆ, ಲಿನ್ ಆಂಟಿ ಸ್ಯಾನ್ ಪೀಡ್ರೊದಿಂದ ಅಷ್ಟು ದೂರ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ಕೂತರು, ನೀರು ಕುಡಿದರು, ಪಾಠ ಶುರುಮಾಡೋಣ ಎಂದರು.

"ಇನ್ನು ಯಾಕೆ ಲಿನ್? ಅವರೇ ಇಲ್ಲವಲ್ಲ," ಎಂದಳು ಅಮ್ಮ.

ಲಿನ್ ಆಂಟಿ ಚೀಲದಿಂದ ಪಾಠದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಯಾರು ಅಂತ ಹೇಳುವುದನ್ನು ಚೆನ್ನಾಗಿ ಕಲಿತೆ, ಸೆನ್ಸೇ. ದಿನಾ ಹೇಳಿದೆ. ಅವರು ದಿನಾ ಕೂತುಕೋ ಎಂದರು, ಕೂತೆ. ಆದರೆ ಕೂತ ಮೇಲೆ ಏನು ಮಾತಾಡಬೇಕು ಅಂತ ನನಗೆ ಬರುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದೆ. ಅದನ್ನು ಕಲಿಸಿ."

"ಏನು ಹೇಳಬೇಕು ಅಂತಿತ್ತು ನಿಮಗೆ?"

ಲಿನ್ ಆಂಟಿ ಜಪಾನೀಯಲ್ಲಿ ಶುರುಮಾಡಿದರು, ನಿಂತರು, ಇಂಗ್ಲಿಷಿನಲ್ಲಿ ಒಂದೆರಡು ಶಬ್ದ ಹೇಳಿ ಅದನ್ನೂ ಬಿಟ್ಟರು. ಆಮೇಲೆ ತಮ್ಮದೇ ಚೀನೀ ಭಾಷೆಯಲ್ಲಿ ಹೇಳತೊಡಗಿದರು. ನಮಗೆ ಯಾರಿಗೂ ಒಂದು ಮಾತೂ ತಿಳಿಯಲಿಲ್ಲ. ಅಮ್ಮ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು, ನಡುವೆ ಬಾಯಿ ಹಾಕದೆ, ಮುಗಿಯುವವರೆಗೆ ಕೇಳಿದಳು.